ಅರಳಿಕಟ್ಟೆಯಲ್ಲಿ ಯಾರು ಕೂರುತ್ತಾರೆ?

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅರಳಿಕಟ್ಟೆ ಅಂತ ಹೆಸರು. ನನಗೆ ತುಂಬಾ ಇಷ್ಟವಾದ ಹೆಸರು. ಆದರೆ ಊರಿನ ಅರಳಿಕಟ್ಟೆಯನ್ನು ನೆನಪು ಮಾಡಿಕೊಳ್ಳಿ. ಸಂಜೆ ಅಲ್ಲಿ ಕೂರುವವರು ಗಂಡಸರು. ಹೆಂಗಸರು ಬೆಳಿಗ್ಗೆ ಬಂದು ನಾಗರಕಲ್ಲಿಗೆ ಹಾಲೆರೆದು, ಮರ ಸುತ್ತಿ, ಮನೆಗೆ ಹೋಗುತ್ತಾರೆ. ಕೂತು ಮಾತಾಡುವುದಿಲ್ಲ. ವಿಕಿಪೀಡಿಯದಲ್ಲಿ ಬರೆಯುವ, ತಿದ್ದುವ ನಮ್ಮ ಸಂಪಾದಕರ ಗುಂಪೂ ಎಷ್ಟೋ ವರ್ಷ ಹಾಗೇ ಇತ್ತು. 2011ರಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಸಂಪಾದಕರ ಸಮೀಕ್ಷೆ ಮಾಡಿದಾಗ 100ರಲ್ಲಿ 10 ಹೆಂಗಸರೂ ಸಿಕ್ಕಿರಲಿಲ್ಲ. ಅದು ಎಲ್ಲ ಭಾಷೆಗಳ ಲೆಕ್ಕ. ನಮ್ಮ ಆನ್‌ಲೈನ್ ಭೇಟಿಯಲ್ಲಿ ಪರದೆ ನೋಡಿದರೂ ಅದೇ ಕಾಣುತ್ತಿತ್ತು.

'ಬರಲಿ, ಯಾರು ಬೇಡ ಅಂದರು?' ಅಂತಿದ್ದೆವು. ನಾನೂ ಅಂದಿದ್ದೇನೆ. ಬೇಡ ಅನ್ನುತ್ತಿದ್ದದ್ದು ನಾನೇ ಅಂತ ಗೊತ್ತಾದದ್ದು ಒಂದು ಕೌದಿಯಿಂದ.

ಕಲಬುರಗಿ ಕಡೆಯ ಒಬ್ಬರು ಅಕ್ಕ ಕೌದಿ ಬಗ್ಗೆ ಲೇಖನ ಬರೆದರು. ಅವರ ಮೊದಲ ಲೇಖನ. ಹಳೆ ಸೀರೆ ಹೇಗೆ ಹರಿಯಬೇಕು, ಪದರ ಹೇಗೆ ಹಾಸಬೇಕು, ಹೊಲಿಗೆ ಅಂಚಿನಿಂದ ಒಳಗೆ ಹೇಗೆ ಬರಬೇಕು, ಎಲ್ಲ ಇತ್ತು. ಕೆಳಗೆ ಉಲ್ಲೇಖ, ಅಂದರೆ ಇದಕ್ಕೆ ಆಧಾರ ಯಾವ ಪುಸ್ತಕ, ಯಾವ ಪತ್ರಿಕೆ ಅನ್ನುವುದು, ಒಂದೂ ಇರಲಿಲ್ಲ. ಅವರು ಉಳಿಸಿ ಹತ್ತು ನಿಮಿಷ ಆಗಿರಲಿಲ್ಲ, ನಾನು ಮೇಲೆ 'ಅಳಿಸಬೇಕಾದ ಪುಟ' ಅನ್ನುವ ಫಲಕ ಹಾಕಿದೆ. ನಿಯಮದ ಪ್ರಕಾರ ಸರಿ ಅಂತ ಊಟಕ್ಕೆ ಎದ್ದೆ. ರಾತ್ರಿ ನನ್ನ ಚರ್ಚೆ ಪುಟದಲ್ಲಿ, ಬೇರೆ ಸಂಪಾದಕರು ನನಗೆ ಸಂದೇಶ ಬರೆಯುವ ಪುಟ ಅದು, ಒಂದೇ ಸಾಲು ಬಂದಿತ್ತು: 'ಹಂಗಾರ ನಾನ್ ಹೊಲದಿದ್ದು ಸುಳ್ಳೇನ್ರಿ ಸರ?'

ಆ ಸಾಲು ನನ್ನನ್ನು ಮಲಗಲು ಬಿಡಲಿಲ್ಲ. ನಲವತ್ತು ವರ್ಷ ಕೌದಿ ಹೊಲಿದ ಕೈಗೆ, ಒಂದೂ ಹೊಲಿಯದ ನಾನು ಸಾಕ್ಷಿ ಕೇಳಿದ್ದೆ. ಉಲ್ಲೇಖ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹುಡುಕುವುದು ಹೊಸಬರೊಬ್ಬರದೇ ಕೆಲಸ ಯಾಕಾಗಬೇಕು? ಮರುದಿನ ಫಲಕ ತೆಗೆದೆ. ಕ್ಷಮೆ ಕೇಳಿದೆ. ಲೇಖನವನ್ನು ಅವರ ಪ್ರಯೋಗಪುಟಕ್ಕೆ (ಕರಡು ಬರೆದು ತಿದ್ದುವ ಪುಟಕ್ಕೆ) ಸಾಗಿಸಿ, ಇಬ್ಬರೂ ಸೇರಿ ಜಾನಪದ ಪುಸ್ತಕ, ಪತ್ರಿಕೆಗಳ ಪುರವಣಿ ಎಲ್ಲ ತಡಕಾಡಿದೆವು. ಮೂರು ವಾರ ಹಿಡಿಯಿತು. ಪುಸ್ತಕದಲ್ಲಿ ಸಿಗದ ಹೊಲಿಗೆಯನ್ನು ಅವರೇ ಫೋಟೊ ತೆಗೆದು ವಿಕಿಪೀಡಿಯದ ಚಿತ್ರಗಳನ್ನು ಇಡುವ ಕಾಮನ್ಸ್‌ ತಾಣಕ್ಕೆ ಹಾಕಿದರು. ನಿಮ್ಮದೇ ಕೆಲಸದ ಚಿತ್ರ ಹಾಕಲು ಯಾವ ಪುಸ್ತಕದ ಅಪ್ಪಣೆಯೂ ಬೇಡ ಅಂತ ಹೇಳಿದಾಗ ಅವರಿಗೆ ಆದ ಖುಷಿ ಇನ್ನೂ ಕಿವಿಯಲ್ಲಿದೆ.

ಆಮೇಲೆ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಹೊಸಬರ ಲೇಖನಕ್ಕೆ ಮೊದಲ ದಿನ ಫಲಕ ಇಲ್ಲ. ಮೊದಲು ಅವರ ಚರ್ಚೆ ಪುಟದಲ್ಲಿ ನಮಸ್ಕಾರ, ಆಮೇಲೆ ತಿದ್ದುಪಡಿ. ಕದ್ದ ಬರಹ, ಬೈಗುಳ, ಜಾಹೀರಾತು ಇದ್ದರೆ ಮಾತ್ರ ಬೇರೆ.

ಭೇಟಿಯ ಹೊತ್ತೂ ತಪ್ಪಾಗಿತ್ತು. ಭಾನುವಾರ ಸಂಜೆ ಏಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತು ಅದು! ಯಾಕೆ ಬರಲ್ಲ ಅಂತ ನಾವು ಯಾರನ್ನೂ ಕೇಳಿರಲೇ ಇಲ್ಲ. ಕೇಳಿದ ಮೇಲೆ ಬುಧವಾರ ಮಧ್ಯಾಹ್ನ ಎರಡೂವರೆಗೆ ಒಂದು ಭೇಟಿ ಇಟ್ಟೆವು. ನೌಕರಿಯವರಿಗೆ ಆಗುವುದಿಲ್ಲ, ಅದಕ್ಕೇ ಭಾನುವಾರದ್ದನ್ನೂ ಬಿಟ್ಟಿಲ್ಲ.

ವಾಟ್ಸ್‌ಆಪ್ ಗುಂಪಿನ ವಿಷಯ ಇನ್ನೂ ಗಂಭೀರ. ಅಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಒಬ್ಬ ವಿದ್ಯಾರ್ಥಿನಿಗೆ ಗುಂಪಿನ ಸದಸ್ಯನೊಬ್ಬ ರಾತ್ರಿ ಹನ್ನೊಂದರ ಮೇಲೆ ಸುಮ್ನೆ ಸುಮ್ನೆ ಮೆಸೇಜ್ ಮಾಡುತ್ತಿದ್ದ. ಅವಳು ದೂರು ಕೊಡಲಿಲ್ಲ, ಹೊರಟುಹೋದಳು. ನಮಗೆ ಗೊತ್ತಾದದ್ದು ಅವಳ ಗೆಳತಿಯಿಂದ. ಅವನನ್ನು ತೆಗೆದೆವು, ನಂಬರ್ ಮುಚ್ಚಿಡಬಹುದಾದ ಟೆಲಿಗ್ರಾಮ್‌ಗೆ ಹೋದೆವು. ದೂರು ಹೇಳಲು ಇಬ್ಬರನ್ನು ಗೊತ್ತು ಮಾಡಿದೆವು, ಒಬ್ಬರು ಮಹಿಳೆ. ವಿಕಿಮೀಡಿಯಕ್ಕೆಲ್ಲ ಅನ್ವಯಿಸುವ ನಡತೆಯ ಸಂಹಿತೆ 2021ರಿಂದ ಇದೆ. ಆದರೆ ಉದ್ದದ ಪಠ್ಯ ಯಾರು ಓದುತ್ತಾರೆ? ಅದರ ಸಾರವನ್ನು ಹತ್ತು ಸಾಲಲ್ಲಿ, ಆಡುಮಾತಲ್ಲಿ ಬರೆದು ಗುಂಪಿನ ತಲೆಯ ಮೇಲೆ ಪಿನ್ ಮಾಡಿದೆವು.

ಇನ್ನೊಂದು ಕನ್ನಡದ್ದೇ ಕಾಯಿಲೆ. ಒಬ್ಬ ಹುಡುಗ 'ಹ' ಬರೆಯುವಲ್ಲಿ 'ಅ' ಬರೆದ. ಮೂರು ಜನ ನಗುವ ಚಿತ್ರ ಹಾಕಿದರು, ಒಬ್ಬರು 'ಮೊದಲು ಕನ್ನಡ ಕಲಿಯಪ್ಪ' ಅಂದರು. ಅವನು ಅವತ್ತೇ ಹೋದ. ಮೂರು ಸಲ ಕರೆದೆ, ವಾಪಸ್ ಬರಲಿಲ್ಲ. ಕಾಗುಣಿತವನ್ನು ಲೇಖನದಲ್ಲೇ ಸದ್ದಿಲ್ಲದೆ ತಿದ್ದಬಹುದು, ಅದಕ್ಕೇ ಅಲ್ವಾ ವಿಕಿ ಇರೋದು? ಈಗ ಗುಂಪಿನಲ್ಲಿ ಕಾಗುಣಿತಕ್ಕೆ ನಕ್ಕವರಿಗೆ ಮೊದಲ ಸಲವೇ ಎಚ್ಚರಿಕೆ.

ಕಣ್ಣು ಕಾಣದ ಗೆಳೆಯರೊಬ್ಬರು ಸೇರಿದ ಮೇಲೆ ಗೊತ್ತಾಯಿತು, ನಾವು ಸಹಾಯ ಅಂತ ಕಳಿಸುತ್ತಿದ್ದ ಸ್ಕ್ರೀನ್‌ಶಾಟ್‌ಗಳೆಲ್ಲ, ಪರದೆಯನ್ನು ಓದಿ ಹೇಳುವ ತಂತ್ರಾಂಶದಲ್ಲಿ, ಅವರ ಕಿವಿಗೆ ಬರೀ 'ಫೋಟೊ, ಫೋಟೊ' ಅಂತ ಬೀಳುತ್ತಿದ್ದವು. ಹಳೆ ನುಡಿ ಫಾಂಟಿನ ಕಡತಗಳಂತೂ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ್ದರಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತವಂತೆ. ಈಗ ಪ್ರತಿ ಚಿತ್ರದ ಕೆಳಗೆ ಎರಡು ಸಾಲು ವಿವರ ಬರೆಯುತ್ತೇವೆ. ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿದ್ದು ಕೌದಿಯ ಅಕ್ಕನ ಮಗಳು.

ಬಾಕಿ ಇರುವುದು ಫೋನಿನ ಕೆಲಸ. ಹಳ್ಳಿಯಿಂದ ಬರುವ ಹೊಸಬರ ಹತ್ತಿರ ಲ್ಯಾಪ್‌ಟಾಪ್ ಇರುವುದಿಲ್ಲ, ನಮ್ಮ ಪಾಠಗಳೆಲ್ಲ ಲ್ಯಾಪ್‌ಟಾಪ್ ನೋಡಿ ಬರೆದವು. ಟೈಪಿಂಗ್ ಮತ್ತು ಚಿತ್ರ ಹಾಕುವ ಪಾಠ ಫೋನಿಗೆ ತಕ್ಕಂತೆ ಬರೆದಾಗಿದೆ. ಉಲ್ಲೇಖ ಸೇರಿಸುವ ಪಾಠ ಮುಂದಿನ ಬುಧವಾರ. ಕಲಿಸುವವರು ಅಕ್ಕ, ಅವರದೇ ಫೋನಿನಲ್ಲಿ.