ಪ್ಯಾಕೇಜ್ ಇಲ್ಲದೆ ಲ್ಯಾಪ್‌ಲ್ಯಾಂಡ್: ನನ್ನ ಅನುಭವ

ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಜನವರಿಯಲ್ಲಿ ಫಿನ್‌ಲ್ಯಾಂಡಿನ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೋಗುತ್ತೇವೆ, ಅದೂ ಪ್ಯಾಕೇಜ್ ಇಲ್ಲದೆ ಎಂದಾಗ ಮೂಗು ಮುರಿಯದವರೇ ಇರಲಿಲ್ಲ. ‘ಹಲ್ಲು ಕಟಕಟಿಸುತ್ತಾ ಕೂರುವುದಕ್ಕೆ ಇಷ್ಟು ದುಡ್ಡು ಸುರಿಯಬೇಕೇ?’ ಎಂದರು ಭಾವ. ಬೆಂಗಳೂರಿನ ಏಜೆಂಟರೊಬ್ಬರು ಆರು ಜನರಿಗೆ ಹದಿನೇಳು-ಹದಿನೆಂಟು ಲಕ್ಷ ಹೇಳಿದ್ದರು. ನಮಗೆ ಎಲ್ಲ ಸೇರಿ ಆದದ್ದು ಒಂಬತ್ತು ಲಕ್ಷದ ಆಸುಪಾಸು, ಯಾರಿಗೂ ನೆಗಡಿ ಕೂಡ ಆಗಲಿಲ್ಲ. ಈಗ ಅದೇ ಜನ ಹೇಗೆ ಎಂದು ಕೇಳುತ್ತಿದ್ದಾರೆ. ವೀಸಾ, ವಿಮೆ, ವಿಮಾನದ ವಿಷಯ ಬರೆಯುವುದಿಲ್ಲ. ಯುರೋಪಿಗೆ ಒಮ್ಮೆ ಹೋಗಿಬಂದವರಿಗೆ ಅದೆಲ್ಲ ಗೊತ್ತಿರುವುದೇ.

ಉಳಿತಾಯದ ದೊಡ್ಡ ಪಾಲು ಬಂದದ್ದು ತಾರೀಖಿನಿಂದ. ಕ್ರಿಸ್‌ಮಸ್ ಹೊತ್ತಿಗೆ ಲ್ಯಾಪ್‌ಲ್ಯಾಂಡಿನ ಮುಖ್ಯ ಪಟ್ಟಣ ರೊವಾನಿಯೆಮಿಯಲ್ಲಿ ಸಾಂತಾಕ್ಲಾಸನ ಹೆಸರಿನಲ್ಲಿ ಎಲ್ಲದಕ್ಕೂ ಬೆಂಕಿ ಬೆಲೆ, ಹಗಲು ನೋಡಿದರೆ ಎರಡು ಗಂಟೆಯಷ್ಟು. ಫೆಬ್ರವರಿ ಕೊನೆಗೆ ಅಲ್ಲಿನ ಶಾಲೆಗಳಿಗೆ ಸ್ಕೀ ರಜೆ ಶುರುವಾಗಿ ದರ ಮತ್ತೆ ಏರುತ್ತದೆ. ನಡುವಿನ ಜನವರಿ ಕೊನೆಯ ವಾರ ಯಾರಿಗೂ ಬೇಡದ್ದು. ಡಿಸೆಂಬರಿನಲ್ಲಿ ದಿನಕ್ಕೆ ನಾನೂರು ಯೂರೋ ಕೇಳುತ್ತಿದ್ದ ಮರದ ಮನೆ ನಮಗೆ ನೂರೈವತ್ತು-ನೂರರುವತ್ತಕ್ಕೆ ಸಿಕ್ಕಿತು. ಹಗಲು ನಾಲ್ಕೈದು ಗಂಟೆಗೆ ಬೆಳೆದಿರುತ್ತದೆ. ಚಳಿ ಮಾತ್ರ ಪೂರ್ತಿ ಇರುತ್ತದೆ: ನಾವಿದ್ದಾಗ ಮೈನಸ್ ಹದಿನೈದರಿಂದ ಇಪ್ಪತ್ತೈದು.

ರೊವಾನಿಯೆಮಿಯಲ್ಲಿ ನಿಲ್ಲದೆ ಇನ್ನೂ 260 ಕಿ.ಮೀ. ಉತ್ತರದ ಸಾರಿಸೆಲ್ಕಾ ಎಂಬ ಚಿಕ್ಕ ಊರಿಗೆ ಹೋದೆವು. ರಾಜಧಾನಿ ಹೆಲ್ಸಿಂಕಿಯಿಂದ ರೊವಾನಿಯೆಮಿವರೆಗೆ ರಾತ್ರಿ ರೈಲು, ಅಲ್ಲಿಂದ ಬಸ್. ವಿಮಾನ ನಿಲ್ದಾಣದಿಂದ ಹೆಲ್ಸಿಂಕಿ ಮುಖ್ಯ ನಿಲ್ದಾಣಕ್ಕೆ ಹೋಗಿ ಆರು ಪೆಟ್ಟಿಗೆ ಎಳೆದಾಡುವ ಅಗತ್ಯವಿಲ್ಲ. ಲೋಕಲ್ ರೈಲಿನಲ್ಲಿ ಹತ್ತು ನಿಮಿಷದೊಳಗೆ ತಿಕ್ಕುರಿಲಾ ನಿಲ್ದಾಣ ಸಿಗುತ್ತದೆ, ಉತ್ತರದ ರಾತ್ರಿ ರೈಲು ಅಲ್ಲಿ ನಿಲ್ಲುತ್ತದೆ. ಇಬ್ಬರಿಗೊಂದು ಕೋಣೆ, ಹಾಸಿಗೆ, ಹೊದಿಕೆ. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯಿತು. ಟಿಕೆಟ್ಟು ಎರಡು ಮೂರು ತಿಂಗಳ ಮೊದಲೇ ತೆಗೆದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ.

ಬಟ್ಟೆಯಲ್ಲಿ ಕೈ ಕಚ್ಚಿತು. ‘ಮೈನಸ್ ಮೂವತ್ತಕ್ಕೂ ಆಗುತ್ತದೆ’ ಎಂದು ಬೆಂಗಳೂರಿನ ಅಂಗಡಿಯವರು ಕೊಟ್ಟ ಜಾಕೆಟ್ಟು, ಬೂಟುಗಳಿಗೆ ನಲವತ್ತು ಸಾವಿರ ಆಗಿತ್ತು. ಮೊದಲ ಸಂಜೆಯೇ ಒಂದು ಜಿಪ್ಪು ಮುರಿದು ಕೈಗೆ ಬಂತು, ಬೂಟಿನ ಅಟ್ಟೆ ಮರದ ಹಲಗೆಯಾಯಿತು. ಮರುದಿನ ಊರಿನ ಅಂಗಡಿಯಲ್ಲಿ ಮೈಪೂರ್ತಿ ಮುಚ್ಚುವ ಓವರಾಲ್ ಮತ್ತು ಬೂಟನ್ನು ಬಾಡಿಗೆಗೆ ತೆಗೆದುಕೊಂಡೆವು, ಆರು ಜನಕ್ಕೆ ಸುಮಾರು ಮುನ್ನೂರು ಯೂರೋ. ಇಲ್ಲಿಂದ ಒಯ್ಯಬೇಕಾದದ್ದು ಒಳಗಿನ ಉಣ್ಣೆಯ ಥರ್ಮಲ್ ಮಾತ್ರ. ಹತ್ತಿಯ ಬನಿಯನ್ ಮೈಮೇಲೆ ಇರಲೇಕೂಡದು. ಬೆವರು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ನಿಂತ ಐದು ನಿಮಿಷಕ್ಕೆ ಬೆನ್ನು ಕೊರೆಯುತ್ತದೆ. ಬೂಟು ಒಂದು ಸೈಜು ದೊಡ್ಡದಿರಲಿ. ಬೆರಳು ಆಡಿಸಲು ಜಾಗವಿಲ್ಲದ ಬೂಟಿನೊಳಗೆ ಮೂರು ಜೊತೆ ಕಾಲುಚೀಲ ತುರುಕಿದರೆ ಚಳಿ ಹೆಚ್ಚೇ ಆಗುತ್ತದೆ. ಬೆರಳು ಬಿಡಿಬಿಡಿಯಾದ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಕೈಗವಸು ವಾಸಿ.

ಮನೆ ಆರಿಸುವಾಗ ಎಲ್ಲರೂ ಕಿಟಕಿಯ ನೋಟ ನೋಡುತ್ತಾರೆ, ನಾನು ನೋಡಿದ್ದು ಬಟ್ಟೆ ಒಣಗಿಸುವ ಬೀರು. ಒಳಗೆ ಬಿಸಿಗಾಳಿ ಸುತ್ತುವ ಕಪಾಟು ಅದು. ಸಂಜೆ ಒದ್ದೆ ಬೂಟು, ಕೈಗವಸು, ಟೋಪಿ ಎಲ್ಲ ಅದರೊಳಗೆ ತೂಗಿಬಿಟ್ಟರೆ ಬೆಳಿಗ್ಗೆ ಗರಿಗರಿ. ಅದಿಲ್ಲದಿದ್ದರೆ ಎರಡನೆಯ ದಿನವೇ ಮಕ್ಕಳು ಹೊರಗೆ ಹೋಗುವುದಿಲ್ಲ ಎನ್ನುತ್ತಾರೆ. ಮೈ ಬೆವರಿಸುವ ಬಿಸಿಕೋಣೆ, ಸೌನಾ, ಹೇಗೂ ಇರುತ್ತದೆ. ಅಮ್ಮನ ಮಂಡಿನೋವಿಗೆ ಅದರಷ್ಟು ಒಗ್ಗಿದ್ದು ಬೇರೊಂದಿಲ್ಲ. ಮನೆಯ ಹೆಸರು ಮಾತ್ರ ಹೇಳುವುದಿಲ್ಲ, ಮುಂದಿನ ಬಾರಿಗೂ ನನಗೆ ಅದೇ ದರಕ್ಕೆ ಬೇಕು.

ಊಟದ ಚಿಂತೆ ಏಜೆಂಟರಿಗೇ ಹೆಚ್ಚಿತ್ತು: ‘ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ ಸಾರ್.’ ಅಡುಗೆಮನೆ ಇದ್ದರೆ ಎಲ್ಲವೂ ಇದೆ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲವಾದ್ದರಿಂದ ತುಪ್ಪ, ಮೈಸೂರುಪಾಕು ಮನೆಯಲ್ಲೇ ಉಳಿದವು. ಅಲ್ಲಿನ ಬೆಣ್ಣೆ ಕಾಯಿಸಿದೆವು, ಊರಿನ ತುಪ್ಪಕ್ಕೆ ಏನೂ ಕಡಿಮೆಯಿಲ್ಲ. ಕರಿಬೇವಿಗೂ ರೋಗಕೀಟವಿಲ್ಲವೆಂಬ ಪ್ರಮಾಣಪತ್ರ ಬೇಕು, ತೆಂಗಿನಕಾಯಿಗೆ ಬೇಡ. ಮೊದಲ ದಿನದ ಸಾಸಿವೆ ಒಗ್ಗರಣೆಗೆ ಹೊಗೆಯ ಅಲಾರಂ ಕಿರುಚಿಕೊಂಡಿತು. ಆಮೇಲೆ ಚಿಮಣಿ ಫ್ಯಾನ್ ಹಾಕಿಯೇ ಎಣ್ಣೆ ಇಡುತ್ತಿದ್ದೆವು.

ದೋಸೆ ಹಿಟ್ಟು ಬೇರೆಯೇ ಕಥೆ. ಉದ್ದಿನ ಹಿಟ್ಟು, ಅಕ್ಕಿ ಹಿಟ್ಟು ಕಲಸಿ ಅಡುಗೆಮನೆಯಲ್ಲಿಟ್ಟರೆ ರಾತ್ರಿ ಕಳೆದರೂ ಅಲುಗಲಿಲ್ಲ. ಒಳಗೆ ಇಪ್ಪತ್ತೊಂದು ಡಿಗ್ರಿ, ಕೊಬ್ಬರಿ ಎಣ್ಣೆಯೂ ಕರಗದು. ಆಫ್ ಮಾಡಿದ ಸೌನಾದೊಳಗಿಟ್ಟರೆ ಪಾತ್ರೆಯ ಅಂಚಿನಲ್ಲಿ ಅರ್ಧ ಬೆಂದೇಹೋಯಿತು. ಕೊನೆಗೆ ಬಚ್ಚಲಿನ ಬಿಸಿನೆಲದ ಮೇಲೆ ಟವೆಲ್ ಸುತ್ತಿಟ್ಟೆ. ಬೆಳಿಗ್ಗೆ ಮುಚ್ಚಳ ಎತ್ತಿ ಕೂತಿತ್ತು! ಬಚ್ಚಲ ನೆಲ ಎಂದು ಅಪ್ಪ ಮೊದಲು ಮುಖ ಸಿಂಡರಿಸಿದರು, ಆಮೇಲೆ ಮೂರನೆಯ ದೋಸೆಗೆ ತಟ್ಟೆ ಚಾಚಿದರು.

ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಧ್ರುವಪ್ರಭೆ, ತೋರಿಸುವ ಪ್ರವಾಸಕ್ಕೆ ತಲೆಗೆ ನೂರು ಯೂರೋಗೂ ಮೇಲೆ. ನಾವು ಒಂದು ಕಾಸೂ ಕೊಡಲಿಲ್ಲ. ನಮ್ಮ ಕಾವಲುಗಾರ್ತಿ ಅಮ್ಮ. ಮೈಸೂರಿನಲ್ಲಿ ಬೆಳಗಿನ ಐದಕ್ಕೆ ತಾನಾಗಿ ಎಚ್ಚರವಾಗುವ ಜೀವ. ಗಡಿಯಾರ ಮೂರೂವರೆ ಗಂಟೆ ಹಿಂದಿರುವ ಫಿನ್‌ಲ್ಯಾಂಡಿನಲ್ಲಿ ಅದು ರಾತ್ರಿ ಒಂದೂವರೆ. ಹೊಸ ಹೊತ್ತಿಗೆ ಮೈ ಒಗ್ಗಿಸಿಕೊಳ್ಳಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಒಗ್ಗಿಸಿಕೊಳ್ಳಲೇಬೇಡಿ. ನಾವು ಎಂಟಕ್ಕೆಲ್ಲ ಮಲಗುತ್ತಿದ್ದೆವು, ಅಮ್ಮ ಎದ್ದು ಪರದೆ ಸರಿಸಿ ನೋಡುತ್ತಿದ್ದಳು. ಧ್ರುವಪ್ರಭೆಯ ಸಾಧ್ಯತೆ ಅಳೆಯಲು ಎಲ್ಲರೂ ನೋಡುವ ಕೆಪಿ ಸೂಚ್ಯಂಕಕ್ಕೆ ತಲೆಕೆಡಿಸಿಕೊಳ್ಳಬೇಡಿ, ಅಷ್ಟು ಉತ್ತರದಲ್ಲಿ ಎರಡಿದ್ದರೂ ಸಾಕು. ಕಾಟ ಕೊಡುವುದು ಮೋಡ. ಮೊದಲೆರಡು ರಾತ್ರಿ ಆಕಾಶ ಬರೀ ಬೂದಿ. ಆಮೇಲೊಂದು ರಾತ್ರಿ ‘ಏಳೋ, ಆಕಾಶದಲ್ಲಿ ಏನೋ ಸೀರೆ ಕೊಡವುತ್ತಿದ್ದಾರೆ’ ಎಂದು ಎಬ್ಬಿಸಿದಳು. ಹೊರಗೆ ಕಾಲಿಟ್ಟೊಡನೆ ಮೂಗಿನ ಕೂದಲು ಚುರುಚುರು ಹೆಪ್ಪುಗಟ್ಟಿತು, ಅಪ್ಪನ ಕನ್ನಡಕದ ಮೇಲೆ ಹಿಮ. ಕಣ್ಣಿಗೆ ಮೊದಲು ಬಿಳಿಚು ಮೋಡದಂತೆ ಕಾಣುವುದು ಫೋನಿನ ಕ್ಯಾಮೆರಾದಲ್ಲಿ ಕಡುಹಸಿರು. ಫೋನನ್ನು ಒಳಜೇಬಿನಲ್ಲಿಡದಿದ್ದರೆ ಬ್ಯಾಟರಿ ಹತ್ತು ನಿಮಿಷಕ್ಕೆ ಕೈಕೊಡುತ್ತದೆ.

ದೊಡ್ಡ ದುಡ್ಡು ಕೊಟ್ಟು ಮಾಡಿದ್ದು ಹಿಮಸಾರಂಗದ ಗಾಡಿ ಸವಾರಿ ಒಂದೇ, ಆರು ಜನಕ್ಕೆ ನಲವತ್ತು ಸಾವಿರದ ಮೇಲೆ. ಮುದುಕರಿಗೂ ಆಗುವಂಥದ್ದು ಅದೊಂದೇ. ಮಕ್ಕಳಿಗೆ ಇಪ್ಪತ್ತು ಯೂರೋದ ಪ್ಲಾಸ್ಟಿಕ್ ಜಾರುಬಂಡಿ ಕೊಡಿಸಿ ಕೌನಿಸ್ಪ್ಯಾ ಗುಡ್ಡಕ್ಕೆ ಬಿಟ್ಟೆವು. ಅಲ್ಲಿನ ಜಾರುದಾರಿಗೆ ಟಿಕೆಟ್ಟಿಲ್ಲ. ಊರಿಗೆ ತಾಗಿದ ಉರ್ಹೋ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿಗೂಡು, ಸೌದೆ ಎರಡೂ ಪುಕ್ಕಟೆ. ಆಲೂಗಡ್ಡೆ ಸುಟ್ಟು ಚಟ್ನಿಪುಡಿ ಹಚ್ಚಿ ತಿಂದೆವು. ಹಿಮದ ಗೊಂಬೆ ಕೈಗೂಡಲಿಲ್ಲ. ಆ ಚಳಿಯಲ್ಲಿ ಹಿಮ ಒಣ ಪುಡಿ, ಉಂಡೆ ಕಟ್ಟದು. ಬದಲಿಗೆ ಐಸಿನ ಲಾಂದ್ರ ಮಾಡಿ: ಬಕೆಟ್ಟಿನಲ್ಲಿ ನೀರು ತುಂಬಿ ಹೊರಗಿಟ್ಟು, ಸುತ್ತಲೂ ಹೆಪ್ಪುಗಟ್ಟಿದ ಮೇಲೆ ನಡುವಿನ ನೀರು ಚೆಲ್ಲಿ ಒಳಗೆ ಮೇಣದಬತ್ತಿ ಇಡುವುದು. ಎಷ್ಟು ಹೊತ್ತು ಎಂಬುದನ್ನು ನೀವೇ ಕಂಡುಕೊಳ್ಳಿ. ರಾತ್ರಿಯಿಡೀ ಬಿಟ್ಟದ್ದು ಬಕೆಟ್ಟನ್ನೇ ಸೀಳಿತು.

ಒಂದು ದಿನ ಉಳಿದರೆ ಬಸ್ಸಿನಲ್ಲಿ ಇನಾರಿ ಎಂಬ ಊರಿಗೆ ಹೋಗಿಬನ್ನಿ, ಎಪ್ಪತ್ತು ಕಿ.ಮೀ. ಅಲ್ಲಿನ ಮೂಲನಿವಾಸಿ ಸಾಮಿ ಜನರ ಬದುಕು ತೋರಿಸುವ ಸೀಡಾ ಮ್ಯೂಸಿಯಂ ಅಲ್ಲಿದೆ, ಅಪ್ಪ ಅರ್ಧ ದಿನ ಅಲ್ಲಿಂದ ಕದಲಲಿಲ್ಲ. ಹೊರಗೆ ಹೆಪ್ಪುಗಟ್ಟಿದ ಸರೋವರ. ವಾಪಸು ಬಸ್ಸುಗಳು ಬೆರಳೆಣಿಕೆಯಷ್ಟು. ಇಳಿದ ತಕ್ಷಣ ನಿಲ್ದಾಣದ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ.