ಗಾಳ ಹಾಕಿದ ಮೂರು ಗಂಟೆಯ ಲೆಕ್ಕ

ಕುಂಬಳೆಯ ಸಮೀಪ ಶಿರಿಯ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ನಾನು ಹಲವು ವರ್ಷಗಳಿಂದ ಭಾನುವಾರದ ಬೆಳಗ್ಗೆ ಗಾಳ ಹಾಕುತ್ತಿದ್ದೇನೆ. ರಕ್ತದ ಸಕ್ಕರೆ ಗಡಿರೇಖೆಗೆ ಬಂದಿದೆ, ತೂಕ ಇಳಿಸಿ ಎಂದು ವೈದ್ಯರು ಹೇಳಿದ ಮೇಲೆ, ಮೀನು ಹಿಡಿಯುವ ಆ ಮೂರು ಗಂಟೆಯನ್ನು ವ್ಯಾಯಾಮವೆಂದು ಎಣಿಸಬಹುದೇ ಎಂಬ ಪ್ರಶ್ನೆ ನನಗೆ ಮುಖ್ಯವಾಯಿತು. ಕೈಗಡಿಯಾರವನ್ನು ನೋಡಿದರೆ ಅದು 842 ಕಿಲೋಕ್ಯಾಲೊರಿ ಎಂದು ತೋರಿಸುತ್ತಿತ್ತು. ಅರ್ಧ ಹೊತ್ತು ಮುರಕಲ್ಲಿನ ಮೇಲೆ ಕುಳಿತೇ ಕಳೆದ ನನಗೆ ಆ ಅಂಕಿಯನ್ನು ನಂಬಲಾಗಲಿಲ್ಲ. ಹಾಗಾಗಿ ನಾನೇ ಲೆಕ್ಕ ಹಾಕಲು ಹೊರಟೆ.

ದೇಹದ ಚಟುವಟಿಕೆಯನ್ನು ಅಳೆಯಲು ಮೆಟ್ ಎಂಬ ಮಾನವಿದೆ. ಏನೂ ಮಾಡದೆ ವಿಶ್ರಾಂತಿಯಲ್ಲಿರುವ ದೇಹ ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ, ಸುಮಾರು 1 ಕಿಲೋಕ್ಯಾಲೊರಿ ವ್ಯಯಿಸುತ್ತದೆ. ಅದು 1 ಮೆಟ್. ಅಮೆರಿಕದ ಸಂಶೋಧಕಿ ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿ 2011ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದ, ಬೇರೆ ಬೇರೆ ಚಟುವಟಿಕೆಗಳ ಮೆಟ್ ಪಟ್ಟಿಯಲ್ಲಿ ಮೀನು ಹಿಡಿಯುವುದಕ್ಕೆ ಸಾಮಾನ್ಯವಾಗಿ 3.5 ಮೆಟ್ ಎಂದಿದೆ. ನನ್ನ ತೂಕ 72 ಕಿಲೋ. ಗುಣಿಸಿದರೆ ಮೂರು ಗಂಟೆಗೆ 756 ಬಂತು. ಇದೂ ಹೆಚ್ಚೆನಿಸಿತು, ಏಕೆಂದರೆ ಹೊಳೆಬದಿಯ ಮೂರು ಗಂಟೆ ಎಂಬುದು ಒಂದೇ ಕೆಲಸವಲ್ಲ.

ಮುಂದಿನ ಭಾನುವಾರ ತಂಗಿಯ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ನಾನು ಏನು ಮಾಡುತ್ತಿದ್ದೇನೆಂಬುದನ್ನು ನಿಮಿಷ ಸಹಿತ ಬರೆಯಲು ಹೇಳಿದೆ. "ಮಾವ, ನೀವು ಕುಳಿತದ್ದನ್ನೂ ಬರೆಯಬೇಕಾ?" ಎಂದು ಅವನು ಕೇಳಿದ. ಅದನ್ನೇ ಮೊದಲು ಬರೆಯಬೇಕೆಂದೆ. 180 ನಿಮಿಷಗಳಲ್ಲಿ ಸಾಮಾನು ಹೊತ್ತು ದಂಡೆಯುದ್ದಕ್ಕೂ ನಡೆದದ್ದು 35, ಗಾಳ ಎಸೆದು ರೀಲು ಸುತ್ತಿದ್ದು 30, ದಾರ ಹಿಡಿದು ಅಲುಗಾಡದೆ ನಿಂತದ್ದು 45, ಕುಳಿತದ್ದು 50, ನೀರಿಗಿಳಿದು ಬೀಸುಬಲೆ ಹಾಕಿದ್ದು ಬರೀ 20 ನಿಮಿಷ.

ಈ ಇಪ್ಪತ್ತು ನಿಮಿಷಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಣಗಿದಾಗ 4 ಕಿಲೋ ತೂಗುವ ನನ್ನ ಬಲೆ ನೆನೆದ ಮೇಲೆ 6 ಕಿಲೋ ತೂಗುತ್ತದೆ. ಹಗ್ಗದ ತುದಿಯನ್ನು ಎಡ ಮಣಿಕಟ್ಟಿಗೆ ಸಿಕ್ಕಿಸಿ, ಬಲೆಯ ಒಂದು ಭಾಗವನ್ನು ಮೊಣಕೈಗೆ ಹಾಕಿಕೊಂಡು, ಮೊಣಕಾಲಾಳದ ನೀರಿನಲ್ಲಿ, ಜಾರುವ ಕೆಸರಿನ ಮೇಲೆ ಕಾಲೂರಿ ತಿರುಗಿ ಎಸೆದರೆ ಸೀಸದ ಗುಂಡುಗಳು ವೃತ್ತಾಕಾರವಾಗಿ ನೀರಿಗೆ ಬೀಳಬೇಕು. "ಮಾಷ್ಟ್ರೇ, ಬಲೆ ಬೀಸುವುದು ಕೈಯಲ್ಲಲ್ಲ, ಸೊಂಟದಲ್ಲಿ" ಎಂದು ನನಗೆ ಕಲಿಸಿದ ಹಿರಿಯ ಬೆಸ್ತರು ಹೇಳುತ್ತಿದ್ದರು. ಕಾಲು, ಸೊಂಟ, ಬೆನ್ನು, ಭುಜ ಎಲ್ಲವೂ ಸೇರಿ ದುಡಿಯುವುದರಿಂದಲೇ ಇದು ಇಷ್ಟು ಶ್ರಮದ ಕೆಲಸ. ಕುಳಿತಿದ್ದಾಗ ಕತ್ತಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ 76 ಇತ್ತು. ಐದು ಸಲ ಬಲೆ ಬೀಸಿದ ಮೇಲೆ 120 ಆಗಿತ್ತು. ಪಟ್ಟಿಯಲ್ಲಿ ತೊರೆಯ ನೀರಿನಲ್ಲಿ ನಿಂತು ಮೀನು ಹಿಡಿಯುವುದಕ್ಕಿರುವ 6 ಮೆಟ್ ಅನ್ನೇ ನಾನು ಇದಕ್ಕೆ ಬಳಸಿದೆ.

ಉಳಿದವುಗಳಲ್ಲಿ ದಂಡೆಯಲ್ಲಿ ನಡೆಯುತ್ತಾ ಹಿಡಿಯುವುದಕ್ಕೆ 4, ನಿಂತು ಎಸೆದು ಸುತ್ತುವುದಕ್ಕೆ 3.5, ದಾರ ಹಿಡಿದು ನಿಲ್ಲುವುದಕ್ಕೆ 1.8, ಕುಳಿತಿರುವುದಕ್ಕೆ 1.3 ತೆಗೆದುಕೊಂಡೆ. ಅನುಕ್ರಮವಾಗಿ 168, 126, 97, 78, ಬಲೆಗೆ 144, ಒಟ್ಟು 613. ಇಲ್ಲಿಗೇ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಆದರೆ ಆ ಮೂರು ಗಂಟೆ ನಾನು ಮನೆಯ ಜಗಲಿಯಲ್ಲಿ ಸುಮ್ಮನಿದ್ದರೂ ದೇಹ 216 ಕಿಲೋಕ್ಯಾಲೊರಿ ವ್ಯಯಿಸುತ್ತಲೇ ಇತ್ತು. ಅದನ್ನು ಕಳೆದರೆ ಹೊಳೆಗೆ ಹೋದದ್ದರಿಂದ ಹೆಚ್ಚುವರಿಯಾಗಿ ಖರ್ಚಾದದ್ದು 397. ತೂಕ ಇಳಿಸುವವರು ನೋಡಬೇಕಾದದ್ದು ಈ ಅಂಕಿಯನ್ನು.

ಗಡಿಯಾರ ಇದರ ಎರಡು ಪಟ್ಟಿಗಿಂತ ಹೆಚ್ಚು ತೋರಿಸಲು ಕಾರಣವಿದೆ. ನಿಂತಲ್ಲೇ ಗಾಳ ಎಸೆಯುವ ಕೈಯ ಚಲನೆಯನ್ನು ಅದು ಹೆಜ್ಜೆಗಳೆಂದು ಎಣಿಸುತ್ತಿದ್ದುದನ್ನು ನಾನೇ ಪರೀಕ್ಷಿಸಿ ನೋಡಿದ್ದೇನೆ. ಅಲ್ಲದೆ ನಮ್ಮ ಕರಾವಳಿಯ ಸೆಕೆಯಲ್ಲಿ, ದೇಹವನ್ನು ತಂಪಾಗಿಡಲು ಚರ್ಮಕ್ಕೆ ಹೆಚ್ಚು ರಕ್ತ ಹರಿಸಬೇಕಾಗಿ, ಕೆಲಸ ಅಷ್ಟಿಲ್ಲದಿದ್ದರೂ ಹೃದಯ ಬೇಗ ಬಡಿಯುತ್ತದೆ; ಗಡಿಯಾರ ಅದನ್ನೂ ಶ್ರಮವೆಂದೇ ಎಣಿಸುತ್ತದೆ. ಮೀನು ಗಾಳವನ್ನು ಎಳೆದ ಕ್ಷಣದಲ್ಲಂತೂ ಕೇಳಬೇಕಾಗಿಯೇ ಇಲ್ಲ. ಬನಿಯನ್ ಒದ್ದೆಯಾಗುವಷ್ಟು ಬೆವರಿದರೂ ಇಳಿಯುವುದು ನೀರಿನ ತೂಕ, ಕೊಬ್ಬಿನದಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. 3 ಮೆಟ್‌ಗಿಂತ ಮೇಲಿನದನ್ನು ಮಾತ್ರ ಎಣಿಸಿದರೆ ನನ್ನ ಭಾನುವಾರದಿಂದ ಅದಕ್ಕೆ ಸಲ್ಲುವುದು 85 ನಿಮಿಷ. ಈಗ ಕುಳಿತುಕೊಳ್ಳುವ ಐವತ್ತು ನಿಮಿಷಗಳಲ್ಲಿ ಇಪ್ಪತ್ತೈದನ್ನು ಜಾಗ ಬದಲಿಸುತ್ತಾ ನಡೆಯಲು ಬಳಸುತ್ತೇನೆ. ಹೆಚ್ಚುವರಿ ಖರ್ಚು 478ಕ್ಕೆ, ಎಣಿಕೆಗೆ ಬರುವ ಹೊತ್ತು 110 ನಿಮಿಷಕ್ಕೆ ಏರಿದೆ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಸುಮಾರು 120 ಕಿಲೋಕ್ಯಾಲೊರಿ ಇದೆಯೆಂದು ಮನೆಯಲ್ಲಿ ಹೇಳಿದ ಮೇಲೆ, ಹಿಡಿದು ತಂದ ಕಾಣೆ ಮೀನು ಈಗ ಎಣ್ಣೆಯಲ್ಲಿ ಹುರಿಯಲು ಕಾವಲಿಗೆ ಹೋಗುವುದಿಲ್ಲ, ಹುಳಿ-ಖಾರದ ಪುಳಿಮುಂಚಿ ಸಾರಿನ ಮಣ್ಣಿನ ಪಾತ್ರೆಗೆ ಹೋಗುತ್ತದೆ.