ಕಕ್ಕಡದ ಮಳೆಯಲ್ಲಿ ಹಸುವಿಗೆ ಒಣ ನೆಲ

ಐವತ್ತು ಮಳೆಗಾಲಗಳನ್ನು ಕೊಟ್ಟಿಗೆಯಲ್ಲಿ ಕಂಡ ಮೇಲೆ ನಾನು ಕಿರಿಯರಿಗೆ ಮೊದಲು ಹೇಳುವುದು ಮೇವಿನ ಮಾತನ್ನಲ್ಲ, ನೆಲದ ಮಾತನ್ನು. ನಮ್ಮ ಕೊಡಗಿನಲ್ಲಿ ಕಕ್ಕಡದ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ಕಾಲ, ಬಿಸಿಲನ್ನೇ ಕಾಣದೆ ಕಳೆಯುವಾಗ, ಗಂಜಲ ನಿಂತ ನೆಲದ ಮೇಲೆ ಮಲಗಲು ಹಸು ಹಿಂಜರಿಯುತ್ತದೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕಾದ ಪ್ರಾಣಿ ನಿಂತೇ ಇದ್ದರೆ ಗೊರಸು ಮೆತ್ತಗಾಗಿ, ಸಂದಿಯಲ್ಲಿ ಹುಣ್ಣೆದ್ದು ಕುಂಟತೊಡಗುತ್ತದೆ; ಒದ್ದೆಯಲ್ಲೇ ಮಲಗಿದರೆ ಕೆಚ್ಚಲು ಬಾವಿನ ಭಯ.

ಗಂಜಲದ ಕಾಲುವೆಯ ಕಡೆಗೆ ನಾಲ್ಕು ಅಡಿಗೆ ಒಂದು ಅಂಗುಲದಷ್ಟು ಇಳಿಜಾರಿರಲಿ. ಸಿಮೆಂಟ್ ನೆಲವನ್ನು ನುಣುಪಾಗಿಸದೆ ಗೀರು ಎಳೆಸಿ, ಇಲ್ಲವಾದರೆ ತುಂಬು ಗಬ್ಬದ ಹಸು ಜಾರಿ ಬೀಳುತ್ತದೆ. ರಬ್ಬರ್ ಮ್ಯಾಟ್ ಹಾಕಿದವರೂ ಅದರಡಿಯನ್ನು ತೊಳೆಯಲೇಬೇಕು. ಹಿಂದೆ ನಾವು ಗೊಬ್ಬರ ಹೆಚ್ಚಲೆಂದು ಹಸಿ ಸೊಪ್ಪನ್ನು ತಂದು ಹಾಸುತ್ತಿದ್ದೆವು. ಅದು ಕೊಳೆತು ಬಿಸಿಯೇರಿದ ಹಾಸಿನ ಮೇಲೆ ಹಸುಗಳನ್ನು ರಾತ್ರಿಯಿಡೀ ಕಟ್ಟಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲೇ ಒಣಗಿದ ದರಗನ್ನು, ಅಂದರೆ ಉದುರಿದ ಎಲೆಗಳನ್ನು, ಗುಡಿಸಿ, ಮಳೆ ತಾಗದ ಕಡೆ ರಾಶಿ ಹಾಕಿಟ್ಟುಕೊಳ್ಳಿ. ತೋಟದ ಮಣ್ಣಿಗೂ ದರಗು ಬೇಕೆಂಬುದು ನಿಜ, ಆದರೆ ಕೊಟ್ಟಿಗೆಗೆ ಹೋದದ್ದು ಗೊಬ್ಬರವಾಗಿ ತೋಟಕ್ಕೇ ಮರಳುತ್ತದೆ. ಹಾಸು ಸಾಕೇ ಎಂದು ತಿಳಿಯಬೇಕಾದರೆ ಹಸು ಮಲಗುವ ಜಾಗದಲ್ಲಿ ನೀವೇ ಸ್ವಲ್ಪ ಹೊತ್ತು ಮೊಣಕಾಲೂರಿ. ಬಟ್ಟೆ ಒದ್ದೆಯಾದರೆ ಹಾಸನ್ನು ಕೂಡಲೇ ಬದಲಿಸಿ.

ಕಾಫಿ ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣ ಮಾಡಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿದ್ದೇ ಇರುತ್ತದೆ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋದಂತೆ ಕರಗಿಸಿ, ಮೊದಲು ಕಾಲು ತೊಳೆದು, ಗೊರಸು ಮುಳುಗುವಂತೆ ನಿಲ್ಲಿಸಿದರೆ ಗೊರಸಿನ ಕೊಳೆ ಹತೋಟಿಗೆ ಬರುತ್ತದೆ. ಆ ನೀರಿಗೆ ಹಸು ಬಾಯಿ ಹಾಕಬಾರದು. ಬೋರ್ಡೊ ದ್ರಾವಣ ಸಿಂಪಡಿಸಿದ ಗಿಡಗಳಡಿಯ ಹುಲ್ಲನ್ನೂ ಕೊಯ್ದು ಹಾಕಬಾರದು. ಊತವೋ ಕೀವೋ ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಸಿ.

ಇರಚಲು ತಡೆಯಲೆಂದು ನಾಲ್ಕೂ ಸುತ್ತ ಟಾರ್ಪಾಲು ಬಿಗಿಯುವುದು ತಪ್ಪು. ಕಣ್ಣುರಿಸುವ ಗಂಜಲದ ವಾಸನೆ ಒಳಗೇ ಉಳಿದು ಕರುಗಳಿಗೆ ಕೆಮ್ಮು ಹಿಡಿಯುತ್ತದೆ, ಆದ್ದರಿಂದ ಮಾಡಿನ ಕೆಳಗೆ ಒಂದಡಿಯಾದರೂ ತೆರೆದಿಡಿ. ಗಂಟಲು ಊದುವ ಗಳಲೆ ಮತ್ತು ತೊಡೆ ಊದುವ ಚಪ್ಪೆ ರೋಗದ ಲಸಿಕೆಯನ್ನು ಮೇ ತಿಂಗಳೊಳಗೆ ಹಾಕಿಸಿಬಿಡಿ; ಕಾಲುಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ.